ಸದನ ಸಮಿತಿಯ ಮುಂದೆ ಸಾಕ್ಷ್ಯ: ರಕ್ಷಣೆ ಎಲ್ಲಿಯವರೆಗೆ, ಎಲ್ಲಿಂದಾಚೆ ಇಲ್ಲ

ಕೆರೆ ಒತ್ತುವರಿ, ಕಾಮಗಾರಿಯ ಬಿಲ್ಲು, ಔಷಧ ಖರೀದಿ, ಕಾಲೇಜಿನ ಮಾನ್ಯತೆ. ಇಂಥದ್ದೊಂದನ್ನು ವಿಚಾರಿಸುತ್ತಿರುವ ಶಾಸಕರ ಅಥವಾ ಸಂಸದರ ಸಮಿತಿಯಿಂದ ಪತ್ರ ಬಂದಾಗ ಜನ ಕೇಳುವುದು ಎರಡೇ ಪ್ರಶ್ನೆ. ಹೋಗದಿದ್ದರೆ ಏನಾಗುತ್ತದೆ? ಹೋಗಿ ಇದ್ದದ್ದು ಇದ್ದಂತೆ ಹೇಳಿದರೆ ಏನಾಗುತ್ತದೆ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಸಮನ್ಸ್ ಬಂದ ಮೇಲೆ ಕಾರಣವಿಲ್ಲದೆ ಗೈರಾದರೆ ಅದು ಸದನದ ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕುಗಳಿಗೆ ತಂದ ಭಂಗ. ಸದನಕ್ಕೆ ಶಿಕ್ಷೆ ಕೊಡುವ ಅಧಿಕಾರವಿದೆ, ಅದು ಬರೀ ಕಾಗದದ ಮೇಲಿನ ಅಧಿಕಾರವೂ ಅಲ್ಲ. 2017ರಲ್ಲಿ ಕರ್ನಾಟಕ ವಿಧಾನಸಭೆ, ಸಾಕ್ಷ್ಯಕ್ಕೆ ಸಂಬಂಧಿಸದ ಬೇರೊಂದು ಹಕ್ಕುಚ್ಯುತಿ ಪ್ರಕರಣದಲ್ಲಿ, ಇಬ್ಬರು ಪತ್ರಕರ್ತರಿಗೆ ತಲಾ 1 ವರ್ಷ ಜೈಲು ಮತ್ತು 10,000 ರೂಪಾಯಿ ದಂಡ ವಿಧಿಸಿತ್ತು.

ಎರಡನೆಯ ಪ್ರಶ್ನೆಗೆ ಉತ್ತರ ಉದ್ದವಿದೆ. ಸಾಕ್ಷಿಗೆ ಸಿಗುವ ರಕ್ಷಣೆ ಗಟ್ಟಿಯಾದದ್ದು, ಆದರೆ ಅದರ ಅಗಲ ಕಡಿಮೆ. ಸಮಿತಿ ಕೇಳಿದ್ದಕ್ಕೆ, ಸಮಿತಿಯ ಸಭೆಯಲ್ಲಿ, ಸಮಿತಿಯ ಕಡತ ಸೇರುವಂತೆ ನೀವು ಆಡಿದ ಅಥವಾ ಬರೆದ ಮಾತಿಗೆ ಅದು ಉಂಟು. ಅದೇ ಮಾತನ್ನು ಹೊರಗಿನ ಕಾರಿಡಾರಿನಲ್ಲಿ ಇನ್ನೊಮ್ಮೆ ಆಡಿದರೆ ಇಲ್ಲ. ಸಾಕ್ಷಿಗಳು ತೊಂದರೆಗೆ ಸಿಕ್ಕಿಕೊಳ್ಳುವುದು ಕೋಣೆಯೊಳಗೆ ಹೇಳಿದ್ದರಿಂದ ಕಡಿಮೆ, ಹಿಂದೆ ಮುಂದೆ ಹೇಳಿದ್ದರಿಂದಲೇ ಹೆಚ್ಚು.

ರಕ್ಷಣೆಯ ಬೇರು ಎಲ್ಲಿದೆ

ಸಂಸತ್ತಿಗೆ ಸಂವಿಧಾನದ 105ನೇ ವಿಧಿ, ರಾಜ್ಯ ವಿಧಾನಮಂಡಲಕ್ಕೆ 194ನೇ ವಿಧಿ. ಎರಡನ್ನೂ ಓದಿದವರು ಸಾಮಾನ್ಯವಾಗಿ ಎರಡನೇ ಉಪವಿಧಿಯಲ್ಲೇ ನಿಂತುಬಿಡುತ್ತಾರೆ: ಸದನದಲ್ಲಾಗಲಿ ಸಮಿತಿಯಲ್ಲಾಗಲಿ ಆಡಿದ ಮಾತಿಗೆ ಕೋರ್ಟಿನಲ್ಲಿ ಕ್ರಮವಿಲ್ಲ ಎಂಬ ಸಾಲು. ಆದರೆ ಆ ಸಾಲು ಹೇಳುವುದು ಸದಸ್ಯರ ಬಗ್ಗೆ. ನಾಲ್ಕನೇ ಉಪವಿಧಿ ಅದನ್ನು ಸದನದಲ್ಲಿ ಮಾತಾಡುವ ಹಕ್ಕು ಸಂವಿಧಾನದಿಂದಲೇ ಬಂದವರಿಗೆ, ಅಂದರೆ ಮಂತ್ರಿಗಳು, ಅಟಾರ್ನಿ ಜನರಲ್, ಅಡ್ವೊಕೇಟ್ ಜನರಲ್ ಅಂಥವರಿಗೆ ವಿಸ್ತರಿಸುತ್ತದೆ. ಸಾಕ್ಷಿಯ ಹೆಸರು ಎರಡರಲ್ಲೂ ಇಲ್ಲ.

ಸಾಕ್ಷಿಯ ರಕ್ಷಣೆ ಹರಿದು ಬರುವುದು ಮೂರನೇ ಉಪವಿಧಿಯಿಂದ. ಹಕ್ಕುಬಾಧ್ಯತೆಗಳನ್ನು (ಸದನಕ್ಕಿರುವ ವಿಶೇಷ ಹಕ್ಕು, ವಿನಾಯಿತಿಗಳನ್ನು) ಶಾಸಕಾಂಗ ಕಾನೂನಿನಲ್ಲಿ ಬರೆದಿಡುವವರೆಗೆ, ಸಂವಿಧಾನ ಜಾರಿಗೆ ಬಂದಾಗ ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ಇದ್ದ ಹಕ್ಕುಗಳೇ ನಮ್ಮ ಸದನಗಳಿಗೂ ಇರಲಿ ಎಂಬುದು ಮೂಲ ಏರ್ಪಾಟು. 1978ರ 44ನೇ ತಿದ್ದುಪಡಿ ಕಾಮನ್ಸ್ ಸಭೆಯ ಹೆಸರನ್ನು ತೆಗೆಯಿತು, ಹುರುಳನ್ನು ಹಾಗೇ ಉಳಿಸಿತು. ಬರೆದಿಡುವ ಕೆಲಸ ಇಂದಿಗೂ ಆಗಿಲ್ಲ. ಹೀಗಾಗಿ ಬೆಂಗಳೂರಿನ ಸಾಕ್ಷಿಗೆ ಆಸರೆಯಾಗುವುದು ಸಮನ್ಸ್ ಪಡೆದ ಸಾಕ್ಷಿಗೆ ಬರುವಾಗ, ಇರುವಾಗ, ಹಿಂತಿರುಗುವಾಗ ಸದನದ ರಕ್ಷಣೆ ಇದೆ ಎಂದ ಕಾಮನ್ಸ್ ಸಭೆಯ 17ನೇ ಶತಮಾನದ ನಿರ್ಣಯ ಮತ್ತು ಸಮಿತಿಯ ಮುಂದಿನ ಹೇಳಿಕೆಗೆ ಮಾನನಷ್ಟ ದಾವೆ ನಿಲ್ಲದು ಎಂದ 1881ರ ಒಂದು ಇಂಗ್ಲಿಷ್ ತೀರ್ಪು. ಕೇಳಲು ವಿಚಿತ್ರ, ಆದರೆ ಸ್ಥಿತಿ ಇದೇ.

ಇದರಿಂದ ಕೈಗೆ ಬರುವುದು ಇಷ್ಟು: ಸಾಕ್ಷ್ಯದ ಮಾತಿಗೆ ಮಾನನಷ್ಟದ ಹೊಣೆ ಇಲ್ಲ. ಸಾಕ್ಷ್ಯ ಹೇಳಿದ್ದಕ್ಕಾಗಿ ಯಾರಾದರೂ ಬೆದರಿಸಿದರೆ, ತಡೆದರೆ, ಆಮಿಷ ಒಡ್ಡಿದರೆ, ಕೆಲಸದಲ್ಲಿ ಕಿರುಕುಳ ಕೊಟ್ಟರೆ, ಅದು ನಿಮ್ಮೊಬ್ಬರ ಮೇಲಿನ ತಪ್ಪಷ್ಟೇ ಅಲ್ಲ, ಸದನದ ಮೇಲಿನ ತಪ್ಪು ಕೂಡ. ಕೈಗೆ ಬಾರದ್ದೂ ಇದೆ. ಕ್ರಿಮಿನಲ್ ಪ್ರಕರಣದಲ್ಲಿ ಬಂಧನದಿಂದ ಈ ರಕ್ಷಣೆ ಬಿಡಿಸುವುದಿಲ್ಲ. ನೀವು ವಿವರಿಸಿದ ಘಟನೆಯಲ್ಲಿ ನಿಮ್ಮದೇ ತಪ್ಪಿದ್ದರೆ ಆ ಘಟನೆಯ ತನಿಖೆಯೂ ನಿಲ್ಲುವುದಿಲ್ಲ. ಮಾತಿಗೆ ಕವಚ ಇದೆ, ಮಾತಿನ ಹಿಂದಿನ ಕೃತ್ಯಕ್ಕೆ ಇಲ್ಲ. ಲಂಚ ಪಡೆದು ಸದನದಲ್ಲಿ ಮಾಡಿದ ಭಾಷಣಕ್ಕೂ ಹಾಕಿದ ಮತಕ್ಕೂ ವಿನಾಯಿತಿ ಇಲ್ಲ ಎಂದು 2024ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಸೀತಾ ಸೊರೇನ್ ಪ್ರಕರಣದಲ್ಲಿ ಹೇಳಿತು. ಸದಸ್ಯರಿಗೇ ಇಲ್ಲದ್ದು ಸಾಕ್ಷಿಗೆ ಇರುವುದಿಲ್ಲ.

ಪತ್ರ ಬಂದ ದಿನ: ಅದು ಯಾವ ಬಗೆಯ ಪತ್ರ?

ಸಮಿತಿಯ ಮುಂದೆ ಬರುವ ದಾರಿ ಮೂರು. ಸಮನ್ಸ್ ಬಂದು ಹೋಗುವುದು, ಆಹ್ವಾನ ಬಂದು ಹೋಗುವುದು, ಪತ್ರಿಕಾ ಪ್ರಕಟಣೆ ನೋಡಿ ತಾವಾಗಿಯೇ ಮನವಿ ಕೊಡುವುದು. ಮೂವರೂ ಒಂದೇ ಕುರ್ಚಿಯಲ್ಲಿ ಕೂತರೂ ತೊಂದರೆ ಬಂದ ದಿನ ಅವರ ಸ್ಥಾನ ಒಂದೇ ಅಲ್ಲ. ಹಳೆಯ ನಿರ್ಣಯದ ಪದಗಳೇ ಸಮನ್ಸ್ ಪಡೆದವರ ಬಗ್ಗೆ ಇವೆ. ಉದ್ಯೋಗದಾತ ‘ನಿನ್ನನ್ನು ಯಾರು ಹೋಗು ಅಂದರು?’ ಎಂದು ಕೇಳಿದಾಗ ತೋರಿಸಲು ಸಮನ್ಸಿನಷ್ಟು ಒಳ್ಳೆಯ ಕಾಗದ ಇನ್ನೊಂದಿಲ್ಲ. ಕಂಪನಿಯೊಂದಿಗೆ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದವರಿಗಂತೂ ಇದು ತೀರಾ ಮುಖ್ಯ. ಕಾನೂನಿನ ಬಲವಂತದಿಂದ ಹೇಳಿದ್ದು ಬೇರೆ, ಸ್ವಇಚ್ಛೆಯಿಂದ ಹೋಗಿ ಹೇಳಿದ್ದು ಬೇರೆ ಎಂದು ಆಮೇಲೆ ವಾದ ಮಾಡಬೇಕಾಗಿ ಬರಬಹುದು.

ಆದ್ದರಿಂದ ಬಂದಿರುವುದು ಬರೀ ಆಹ್ವಾನವಾಗಿದ್ದರೆ ಸಮಿತಿಯ ಶಾಖೆಗೆ ಒಂದು ಪ್ಯಾರಾ ಬರೆಯಿರಿ: ‘ನಾನು ಹಾಜರಾಗಲು ಸಿದ್ಧನಿದ್ದೇನೆ. ನನ್ನ ಉದ್ಯೋಗ ಮತ್ತು ಒಪ್ಪಂದದ ಕಟ್ಟುಪಾಡುಗಳ ದೃಷ್ಟಿಯಿಂದ ನಿಯಮಾನುಸಾರ ಸಮನ್ಸ್ ಹೊರಡಿಸಬೇಕೆಂದು ಕೋರುತ್ತೇನೆ.’ ಇಂಥ ಕೋರಿಕೆಯಲ್ಲಿ ಅಸಹಜವಾದದ್ದೇನೂ ಇಲ್ಲ, ಕೇಳಲು ಹಿಂಜರಿಯಬೇಡಿ.

ಸಮನ್ಸ್ ಕೈಗೆ ಬಂದಾಗ ನಾಲ್ಕು ಅಂಶ ನೋಡಿ. ಸಹಿ ಯಾರದ್ದು (ಲೋಕಸಭೆಯ 269ನೇ ನಿಯಮದಂತೆ ಸಾಕ್ಷಿಯನ್ನು ಕರೆಯುವುದು ಮಹಾಕಾರ್ಯದರ್ಶಿಯ ಸಹಿ ಇರುವ ಆದೇಶದ ಮೇಲೆ, ಶಾಸಕರ ಆಪ್ತ ಸಹಾಯಕರ ಫೋನ್ ಕರೆ ಸಮನ್ಸ್ ಅಲ್ಲ). ಯಾವ ಸಮಿತಿ, ಅದರ ವಿಚಾರಣೆಯ ವಿಷಯ ಏನು. ಯಾವ ದಾಖಲೆಗಳನ್ನು ತರಲು ಹೇಳಿದೆ. ನಿಮ್ಮನ್ನು ವ್ಯಕ್ತಿಯಾಗಿ ಕರೆದಿದೆಯೋ, ಸಂಸ್ಥೆಯ ಪ್ರತಿನಿಧಿಯಾಗಿ ಕರೆದಿದೆಯೋ. ಎರಡನೇ ಅಂಶ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ರಕ್ಷಣೆಯ ಗಡಿಯನ್ನು ಎಳೆಯುವುದು ವಿಚಾರಣೆಯ ವಿಷಯವೇ. ಪತ್ರದಲ್ಲಿ ವಿಷಯ ಮಸುಕಾಗಿದ್ದರೆ ಸಮಿತಿ ರಚನೆಯ ಆದೇಶದ ಪ್ರತಿ ಕೇಳಿ ಪಡೆಯಿರಿ.

ಇಲ್ಲಿ ಕೊಟ್ಟಿರುವ ನಿಯಮ ಸಂಖ್ಯೆಗಳು ಲೋಕಸಭೆಯವು. ವಿಧಾನಸಭೆ, ವಿಧಾನ ಪರಿಷತ್ತುಗಳ ಕಾರ್ಯವಿಧಾನ ನಿಯಮಾವಳಿಯಲ್ಲಿ ಸಂಖ್ಯೆ ಬೇರೆ, ಹುರುಳು ಬಹುಮಟ್ಟಿಗೆ ಇದೇ. ಹೋಗುವ ಮುನ್ನ ಆಯಾ ಸದನದ ನಿಯಮಾವಳಿಯಲ್ಲಿ ‘ಸಮಿತಿಗಳು’ ಅಧ್ಯಾಯವನ್ನು ಒಮ್ಮೆ ಓದಿ. ಅರ್ಧ ಗಂಟೆಯ ಕೆಲಸ.

ಸರ್ಕಾರಿ ನೌಕರರಿಗೆ ಒಂದು ಮಾತು

ಮೇಲಧಿಕಾರಿಯ ಅನುಮತಿ ಇಲ್ಲದೆ ಹೋದರೆ ಇಲಾಖಾ ವಿಚಾರಣೆ ಆಗುತ್ತದೆ ಎಂಬ ಭಯ ವ್ಯಾಪಕವಾಗಿದೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 10ನೇ ನಿಯಮ ಹೌದು, ಯಾವುದೇ ವಿಚಾರಣೆಯಲ್ಲಿ ಸಾಕ್ಷ್ಯ ಹೇಳಲು ಪೂರ್ವಾನುಮತಿ ಬೇಕು ಎನ್ನುತ್ತದೆ. ಆದರೆ ಅದೇ ನಿಯಮದ ಮೂರನೇ ಉಪನಿಯಮ, ಸಂಸತ್ತು ಅಥವಾ ರಾಜ್ಯ ಶಾಸಕಾಂಗ ನೇಮಿಸಿದ ಪ್ರಾಧಿಕಾರದ ಮುಂದಿನ ಸಾಕ್ಷ್ಯಕ್ಕೆ ಇದು ಅನ್ವಯಿಸದು ಎಂದು ಬಿಡಿಸಿ ಹೇಳಿದೆ. ರಾಜ್ಯ ನೌಕರರು ತಮ್ಮ ನಡತೆ ನಿಯಮಗಳಲ್ಲಿ ಸಾಕ್ಷ್ಯದ ಕುರಿತ ನಿಯಮವನ್ನು ಪೂರ್ತಿ, ಕೊನೆಯ ಉಪನಿಯಮದವರೆಗೆ ಓದಿಕೊಳ್ಳಬೇಕು. ಅನುಮತಿ ಬೇಡ ಎಂದಮಾತ್ರಕ್ಕೆ ತಿಳಿಸದೆ ಹೋಗುವುದು ಜಾಣತನವಲ್ಲ. ಸಮನ್ಸಿನ ಪ್ರತಿ ಲಗತ್ತಿಸಿ ‘ಮಾಹಿತಿಗಾಗಿ’ ಎಂದು ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ‘ಅನುಮತಿ ಕೋರಿ’ ಎಂದು ಬರೆದರೆ ನಿರಾಕರಿಸಲು ನೀವೇ ಅವಕಾಶ ಕೊಟ್ಟಂತೆ.

ಕಡತ ಒಯ್ಯುವುದು ಬೇರೆ ಮಾತು. ಕಚೇರಿಯ ಮೂಲ ಕಡತ ನಿಮ್ಮದಲ್ಲ. ಸಮಿತಿ ಅದನ್ನು ಕೇಳಬೇಕಾದದ್ದು ಇಲಾಖೆಯನ್ನು. ರಾಜ್ಯದ ಸುರಕ್ಷತೆಗೆ ಅಥವಾ ಹಿತಕ್ಕೆ ಧಕ್ಕೆ ಎಂಬ ಕಾರಣಕ್ಕೆ ದಾಖಲೆ ಕೊಡದಿರುವ ಹಕ್ಕು 270ನೇ ನಿಯಮದಲ್ಲಿ ಇರುವುದು ಸರ್ಕಾರಕ್ಕೆ. ನೌಕರ ತಾನೇ ಅದನ್ನು ಚಲಾಯಿಸುವಂತಿಲ್ಲ, ತಾನೇ ಬಿಟ್ಟುಕೊಡುವಂತೆಯೂ ಇಲ್ಲ. ಫೋನಿನಲ್ಲಿ ಫೋಟೊ ಹೊಡೆದುಕೊಂಡು ಹೋಗಿ ಕೊಟ್ಟವರಿಗೆ, ಕೊಟ್ಟದ್ದಕ್ಕೆ ರಕ್ಷಣೆ ಇದ್ದರೂ ತೆಗೆದುಕೊಂಡದ್ದಕ್ಕೆ ವಿಚಾರಣೆ ಎದುರಾಗಬಹುದು.

ಬರೆದು ಕೊಡುವಾಗ

ಲಿಖಿತ ಹೇಳಿಕೆಗೂ ಮೌಖಿಕ ಸಾಕ್ಷ್ಯದಷ್ಟೇ ರಕ್ಷಣೆ ಇದೆ. ಸಂಸದೀಯ ಸಮಿತಿಗಳು ಸಾರ್ವಜನಿಕರಿಂದ ಮನವಿ ಕೋರುವ ಪ್ರಕಟಣೆಗಳಲ್ಲೇ, ಬಂದ ಮನವಿಗಳು ಸಮಿತಿಯ ದಾಖಲೆಯ ಭಾಗವಾಗುತ್ತವೆ, ಗೋಪ್ಯವಾಗಿರುತ್ತವೆ, ಸಮಿತಿಯ ಹಕ್ಕುಬಾಧ್ಯತೆಯ ರಕ್ಷಣೆ ಪಡೆಯುತ್ತವೆ ಎಂದು ಬರೆದಿರುತ್ತದೆ. ಆ ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಳ್ಳಿ.

ತಪ್ಪು ಆಗುವುದು ಪ್ರತಿಗಳಲ್ಲಿ. ಸಮಿತಿಗೆ ಕೊಟ್ಟ ಮನವಿಯ ಕೆಳಗೆ ‘ಪ್ರತಿಗಳು: ಮುಖ್ಯಮಂತ್ರಿಗಳಿಗೆ, ಲೋಕಾಯುಕ್ತರಿಗೆ, ಪತ್ರಿಕೆಗಳಿಗೆ’ ಎಂದು ಪಟ್ಟಿ ಬರೆಯುವುದು ನಮ್ಮಲ್ಲಿ ಅಭ್ಯಾಸ. ಸಮಿತಿಗೆ ಹೋದ ಪ್ರತಿಗೆ ರಕ್ಷಣೆ ಇದೆ, ಉಳಿದ ಒಂದೊಂದೂ ಪ್ರತ್ಯೇಕ ಪ್ರಕಟಣೆ. ಪತ್ರಿಕೆಗೆ ಹೋದ ಪ್ರತಿಯ ಮೇಲೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟ ದೂರು ಹಾಕಬಹುದು. ಶಿಕ್ಷೆ 2 ವರ್ಷದವರೆಗಿನ ಸಾದಾ ಸಜೆ, ದಂಡ, ಅಥವಾ ಸಮುದಾಯ ಸೇವೆ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೂ ಫಲ ಅದೇ. ಸಮಿತಿಗೆ ಬರೆಯುವುದಾದರೆ ಸಮಿತಿಗೊಬ್ಬರಿಗೇ, ಕಾರ್ಯದರ್ಶಿಯ ವಿಳಾಸಕ್ಕೆ. ಪರಿಚಯದ ಶಾಸಕರೊಬ್ಬರ ಕೈಗೆ ಖಾಸಗಿಯಾಗಿ ಕೊಟ್ಟ ಕಾಗದ ಸಮಿತಿಯ ಕಡತ ಸೇರಿದೆ ಎಂದುಕೊಳ್ಳಬೇಡಿ. ಕಡತ ಸಂಖ್ಯೆ ಅಥವಾ ಸ್ವೀಕೃತಿ ಬರುವವರೆಗೆ ಅದು ಕೇವಲ ಒಂದು ಕಾಗದ.

ಬರೆಯುವಾಗ ಕಣ್ಣಾರೆ ಕಂಡದ್ದು, ದಾಖಲೆಯಲ್ಲಿ ಇರುವುದು, ಬೇರೆಯವರಿಂದ ಕೇಳಿದ್ದು, ನಿಮ್ಮ ಊಹೆ ಎಂಬ ನಾಲ್ಕನ್ನು ಬೇರೆ ಬೇರೆ ಪ್ಯಾರಾಗಳಲ್ಲಿ ಇಡಿ. ಇದು ಅಲಂಕಾರಕ್ಕಲ್ಲ. ಸಮಿತಿಯನ್ನು ದಾರಿ ತಪ್ಪಿಸುವುದು ಸ್ವತಃ ಹಕ್ಕುಚ್ಯುತಿ. ಊಹೆಯನ್ನು ಕಂಡದ್ದೆಂದು ಬರೆದವರು ಎದುರು ಪಕ್ಷದ ದಾಖಲೆ ಬಂದಾಗ ಅಲ್ಲೇ ಜಾರುತ್ತಾರೆ. ಒಮ್ಮೆ ಕೊಟ್ಟ ದಾಖಲೆಯನ್ನು ಸಮಿತಿಯ ಒಪ್ಪಿಗೆ ಇಲ್ಲದೆ ಹಿಂಪಡೆಯಲೂ ತಿದ್ದಲೂ ಆಗದು. ಕೊಡುವ ಮುನ್ನ ಪುಟ ಸಂಖ್ಯೆ ಹಾಕಿ ಪೂರ್ತಿ ಪ್ರತಿ ತೆಗೆದಿಟ್ಟುಕೊಳ್ಳಿ.

ಗೋಪ್ಯತೆ ತಾನಾಗಿ ಬರುವುದಿಲ್ಲ

ಸಮಿತಿಯ ಸಭೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ (266ನೇ ನಿಯಮ). ಸದನದ ಮೇಜಿನ ಮೇಲೆ ಮಂಡಿಸುವವರೆಗೆ ಸಾಕ್ಷ್ಯವನ್ನು ಯಾರೂ ಪ್ರಕಟಿಸುವಂತಿಲ್ಲ (275ನೇ ನಿಯಮ). ಸದನದ ಹಕ್ಕುಚ್ಯುತಿಯಾಗುವ ಮಾಹಿತಿಯನ್ನು ಮಾಹಿತಿ ಹಕ್ಕು ಕಾಯ್ದೆಯ 8(1)(ಸಿ) ಕಲಂ ಹೊರಗಿಟ್ಟಿರುವುದರಿಂದ ಆ ದಾರಿಯಲ್ಲೂ ಸುಲಭಕ್ಕೆ ಸಿಗದು. ಇಷ್ಟನ್ನು ಕೇಳಿ ಜನ ನಿಶ್ಚಿಂತರಾಗಿಬಿಡುತ್ತಾರೆ.

ಆದರೆ ‘ಮಂಡಿಸುವವರೆಗೆ’ ಎಂಬ ಪದವನ್ನು ಇನ್ನೊಮ್ಮೆ ಓದಿ. ಪೂರ್ತಿ ಸಾಕ್ಷ್ಯವನ್ನೋ ಅದರ ಸಾರಾಂಶವನ್ನೋ ಮಂಡಿಸಲು ಸಮಿತಿ ನಿರ್ಧರಿಸಬಹುದು. ಲೋಕಸಭಾ ಸ್ಪೀಕರ್ ಅವರ 58ನೇ ನಿರ್ದೇಶನದಲ್ಲಿ ಸಾಕ್ಷಿಗೆ ಓದಿ ಹೇಳಬೇಕಾದ ಎಚ್ಚರಿಕೆಯೇ ಇದೆ: ನೀವು ನಿರ್ದಿಷ್ಟವಾಗಿ ಗೋಪ್ಯವಾಗಿಡಲು ಕೋರದಿದ್ದರೆ ನಿಮ್ಮ ಸಾಕ್ಷ್ಯ ಸಾರ್ವಜನಿಕ, ಪ್ರಕಟಣೆಗೆ ಒಳಪಟ್ಟದ್ದು; ಕೋರಿದರೂ ಸಂಸತ್ ಸದಸ್ಯರಿಗೆ ಅದು ಲಭ್ಯವಾಗಬಹುದು. ಅಂದರೆ ಕೇಳದವರಿಗೆ ಸಿಗುವುದಿಲ್ಲ, ಕೇಳಿದವರಿಗೂ ಪೂರ್ಣ ಸಿಗುವುದಿಲ್ಲ.

ಇನ್ನೊಂದು ರಂಧ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಕ್ಷ್ಯ ಪ್ರಕಟವಾಗದಿದ್ದರೂ ವರದಿಯ ಕೊನೆಯಲ್ಲಿ ಸಭೆಗಳ ನಡವಳಿ ಇರುತ್ತದೆ, ಅದರಲ್ಲಿ ‘ಹಾಜರಿದ್ದ ಸಾಕ್ಷಿಗಳು’ ಎಂದು ಹೆಸರು, ಹುದ್ದೆ ಅಚ್ಚಾಗಿರುತ್ತವೆ. ಏನು ಹೇಳಿದಿರಿ ಎನ್ನುವುದು ಗುಟ್ಟು, ಹೇಳಿದ್ದು ನೀವೇ ಎನ್ನುವುದು ಬಯಲು. ಸಣ್ಣ ಕಚೇರಿಯಲ್ಲಿ ಇಷ್ಟು ಸಾಕು. ಆದ್ದರಿಂದ ಕೋರಿಕೆಯಲ್ಲಿ ಮೂರನ್ನು ಬಿಡಿಬಿಡಿಯಾಗಿ ಕೇಳಿ: ಸಾಕ್ಷ್ಯದ ಯಾವ ಭಾಗ ಗೋಪ್ಯವಾಗಿರಬೇಕು (ಎಲ್ಲವೂ ಎಂದರೆ ಒಪ್ಪುವ ಸಾಧ್ಯತೆ ಕಡಿಮೆ), ನಡವಳಿಯಲ್ಲಿ ಹೆಸರು ಕೈಬಿಡಬೇಕು, ಎದುರು ಪಕ್ಷದ ಅಧಿಕಾರಿಗಳು ಅದೇ ಹೊತ್ತಿಗೆ ಕೋಣೆಯಲ್ಲಾಗಲಿ ಹೊರಗಿನ ಕಾಯುವ ಜಾಗದಲ್ಲಾಗಲಿ ಇರಬಾರದು. ಕಾರಣ ಎರಡು ಸಾಲಿನಲ್ಲಿರಲಿ. ಸಭೆಗೆ ಮುನ್ನ ಬರೆದು ಕೊಡಿ. ಸಾಕ್ಷ್ಯ ಶುರುವಾದಾಗ ಅಧ್ಯಕ್ಷರ ಮುಂದೆ ಬಾಯಿಮಾತಿನಲ್ಲೂ ಹೇಳಿ, ಯಾಕೆಂದರೆ ಆ ಹೊತ್ತಿನಿಂದ ಶಬ್ದಶಃ ದಾಖಲೆ ನಡೆಯುತ್ತಿರುತ್ತದೆ. ನೀವು ಕೇಳಿದಿರಿ ಎಂಬುದಕ್ಕೆ ಅದೇ ಸಾಕ್ಷಿ.

ಕೋಣೆಯೊಳಗೆ

ಶಿಷ್ಟಾಚಾರ ಸರಳ: ಕುಳಿತುಕೊಳ್ಳುವಾಗ ಮತ್ತು ಎದ್ದು ಹೊರಡುವಾಗ ಪೀಠಕ್ಕೆ ತಲೆಬಾಗುವುದು, ಅಧ್ಯಕ್ಷರ ಎದುರಿನ ನಿಗದಿತ ಆಸನದಲ್ಲಿ ಕೂರುವುದು, ಕೇಳಿದರೆ ನಿಂತು ಪ್ರಮಾಣ ಅಥವಾ ದೃಢೀಕರಣ ಮಾಡುವುದು. ಧೂಮಪಾನ ಮಾಡಬಾರದು, ಏನನ್ನೂ ಜಗಿಯಬಾರದು ಎಂದೂ ಲೋಕಸಭೆಯ ಸೂಚನೆಯಲ್ಲಿ ಬರೆದಿದೆ. ಬರೆಯಬೇಕಾಗಿ ಬಂದಿತ್ತು ಎಂದಾಯಿತು.

ಅದೇ ಸೂಚನೆ ಸಾಕ್ಷಿಯ ಯಾವ ವರ್ತನೆ ಸಮಿತಿಯ ನಿಂದನೆಯಾಗುತ್ತದೆ ಎಂದು ಪಟ್ಟಿ ಮಾಡಿದೆ. ಪ್ರಶ್ನೆಗೆ ಉತ್ತರಿಸಲು ನಿರಾಕರಿಸುವುದು, ಮಾತು ತಿರುಚುವುದು, ಬೇಕೆಂದೇ ಸುಳ್ಳು ಹೇಳುವುದು ಅಥವಾ ನಿಜ ಮುಚ್ಚಿಡುವುದು, ಸಮಿತಿಯನ್ನು ಲಘುವಾಗಿ ಕಂಡು ಅವಮಾನಕರ ಉತ್ತರ ಕೊಡುವುದು, ವಿಚಾರಣೆಗೆ ಸಂಬಂಧಿಸಿದ ದಾಖಲೆಯನ್ನು ನಾಶ ಮಾಡುವುದು. ಮೊದಲ ಎರಡರ ನಡುವೆ ಒಂದು ದಾರಿ ಇದೆ ಎಂಬುದನ್ನು ಭಯದಲ್ಲಿ ಮರೆಯುತ್ತಾರೆ. ‘ಗೊತ್ತಿಲ್ಲ’, ‘ನೆನಪಿಲ್ಲ, ದಾಖಲೆ ನೋಡಿ 7 ದಿನದಲ್ಲಿ ಲಿಖಿತವಾಗಿ ತಿಳಿಸುತ್ತೇನೆ’ ಎನ್ನುವುದು ನಿರಾಕರಣೆ ಅಲ್ಲ, ನಿಜವಿದ್ದರೆ. ಆದರೆ ಹೇಳಿದ ದಿನದೊಳಗೆ ಕಳುಹಿಸಲೇಬೇಕು. ಕೊನೆಯಲ್ಲಿ, ಕೇಳದೆ ಉಳಿದ ಮುಖ್ಯ ಅಂಶ ಏನಾದರೂ ಇದೆಯೇ ಎಂದು ಅಧ್ಯಕ್ಷರು ಕೇಳಬಹುದು. ನೀವೇ ಅವಕಾಶ ಕೋರಲೂಬಹುದು. ನಿಮ್ಮ ಮುಖ್ಯ ಮಾತು ಪ್ರಶ್ನೆಗಳಲ್ಲಿ ಬಾರದೇ ಹೋದರೆ ಅದನ್ನು ದಾಖಲೆಗೆ ಸೇರಿಸುವ ಘಳಿಗೆ ಇದೇ, ಬಾಗಿಲಾಚೆ ಮೈಕಿನ ಮುಂದಲ್ಲ.

ವಕೀಲರು ಬೇಕೆಂದರೆ 271ನೇ ನಿಯಮದಲ್ಲಿ ಅವಕಾಶ ಇದೆ, ಆದರೆ ಹಕ್ಕಾಗಿ ಅಲ್ಲ. ಸ್ಪೀಕರ್ ನಿರ್ದೇಶನದ ಮೇರೆಗೆ, ಸಮಿತಿ ಒಪ್ಪಿದ ವಕೀಲರ ಮೂಲಕ ಮಾತ್ರ. ಅರ್ಜಿ ಮೊದಲೇ ಹೋಗಬೇಕು. ಕರೆದುಕೊಂಡು ಹೋಗಿ ಬಾಗಿಲಲ್ಲಿ ಕೇಳಿದರೆ ವಕೀಲರು ಹೊರಗೇ ಕೂರುತ್ತಾರೆ.

ಉತ್ತರಿಸಲಾಗದ ಪ್ರಶ್ನೆ ಬಂದರೆ

ಇಲ್ಲಿ ನಿಧಾನವಾಗಿ ನಡೆಯಬೇಕು. ಸಂವಿಧಾನದ 20(3)ನೇ ವಿಧಿ, ಅಂದರೆ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದೆಂಬ ರಕ್ಷಣೆ, ಅಪರಾಧದ ಆರೋಪ ಹೊತ್ತವರಿಗೆ. ಆರೋಪಿಯೇ ಅಲ್ಲದ ಸಾಕ್ಷಿ ಅದನ್ನು ಹಿಡಿದು ಸಮಿತಿಯ ಮುಂದೆ ಬಾಯಿ ಮುಚ್ಚಿ ಕೂತರೆ ನಿಂದನೆಯ ಅಪಾಯ ಇದೆ. ನಿಮ್ಮ ಮೇಲೆ ಎಫ್‌ಐಆರ್ ಈಗಾಗಲೇ ಇದ್ದರೆ ಸ್ಥಿತಿ ಬೇರೆ. ಅದರ ಸಂಖ್ಯೆ, ಠಾಣೆ, ಕಲಂಗಳನ್ನು ಸಮನ್ಸಿಗೆ ಕೊಡುವ ಉತ್ತರದಲ್ಲೇ ತಿಳಿಸಿ, ವಕೀಲರ ಸಲಹೆ ಪಡೆದೇ ಹೋಗಿ. ಪ್ರಕರಣ ಕೋರ್ಟಿನಲ್ಲಿ ಇದ್ದರೂ ಹಾಗೆಯೇ: ಮೊದಲೇ ಲಿಖಿತವಾಗಿ ತಿಳಿಸಿ, ಯಾವ ಪ್ರಶ್ನೆ ಬಿಡಬೇಕು ಎಂಬುದನ್ನು ಸಮಿತಿ ನಿರ್ಧರಿಸಲಿ.

ಪ್ರಶ್ನೆ ವಿಚಾರಣೆಯ ವಿಷಯಕ್ಕೆ ಹೊರಗಿದ್ದರೆ ಆಡಬೇಕಾದ ಮಾತು: ‘ಮಾನ್ಯ ಅಧ್ಯಕ್ಷರೇ, ಈ ಪ್ರಶ್ನೆ ಸಮಿತಿಯ ವಿಷಯಕ್ಕೆ ಹೇಗೆ ಸಂಬಂಧಿಸಿದೆ ಎಂಬುದು ನನಗೆ ಸ್ಪಷ್ಟವಾಗಿಲ್ಲ. ದಯವಿಟ್ಟು ತೀರ್ಮಾನ ತಿಳಿಸಬೇಕು.’ ಸಾಕ್ಷ್ಯ ಪ್ರಸ್ತುತವೇ ಎಂಬ ವಿವಾದ ಎದ್ದರೆ ಅದು ಸ್ಪೀಕರ್‌ ಬಳಿ ಹೋಗಬೇಕು, ಅವರ ತೀರ್ಮಾನವೇ ಅಂತಿಮ ಎಂದು 270ನೇ ನಿಯಮ ಹೇಳುತ್ತದೆ. ‘ಉತ್ತರಿಸುವುದಿಲ್ಲ’ ಎಂಬ ಪದ ನಿಮ್ಮ ಬಾಯಿಂದ ಬಾರದಿರಲಿ.

ಈ ದಾರಿಗೆ ಸುಪ್ರೀಂ ಕೋರ್ಟಿನ ಬೆಂಬಲವೂ ಇದೆ. 2020ರ ದೆಹಲಿ ಗಲಭೆಗಳ ನಂತರ ದೆಹಲಿ ವಿಧಾನಸಭೆಯ ಶಾಂತಿ ಮತ್ತು ಸಾಮರಸ್ಯ ಸಮಿತಿ ಫೇಸ್‌ಬುಕ್ ಇಂಡಿಯಾದ ಹಿರಿಯ ಅಧಿಕಾರಿಗೆ ಸಮನ್ಸ್ ಕಳುಹಿಸಿತ್ತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರ ಜುಲೈ 8ರಂದು ಬಂದ ತೀರ್ಪು ಎರಡೂ ಕಡೆಗೆ ಒಂದೊಂದು ಮಾತು ಹೇಳಿತು. ಸದನದ ಸದಸ್ಯರಲ್ಲದವರನ್ನೂ ಸಮಿತಿ ಕರೆಯಬಹುದು, ಬರೀ ಸಮನ್ಸ್ ಬಂದಿದೆ ಎಂಬ ಹಂತದಲ್ಲೇ ಕೋರ್ಟಿಗೆ ಬರುವುದು ಅವಸರ. ಆದರೆ ಪೊಲೀಸ್, ಕಾನೂನು ಸುವ್ಯವಸ್ಥೆಯಂತೆ ದೆಹಲಿ ವಿಧಾನಸಭೆಯ ವ್ಯಾಪ್ತಿಗೇ ಬಾರದ ವಿಷಯಕ್ಕೆ ಸಮಿತಿ ಕೈಹಾಕಿದರೆ ಸಾಕ್ಷಿ ಉತ್ತರಿಸದೆ ಇರಬಹುದು. ಸಮನ್ಸಿನ ವಿಷಯವನ್ನು ಮೊದಲ ದಿನವೇ ಗೆರೆ ಎಳೆದು ಓದಿಕೊಳ್ಳಿ ಎಂದದ್ದು ಇದಕ್ಕೇ.

ಹೊರಬಂದ ಮೇಲೆ

ಶಬ್ದಶಃ ದಾಖಲೆಯ ಪ್ರತಿ ತಿದ್ದುಪಡಿಗಾಗಿ ನಿಮಗೆ ಬರಬಹುದು. ಅಂಕಿ, ಹೆಸರು, ಕೇಳಿಸಿಕೊಂಡದ್ದರಲ್ಲಾದ ತಪ್ಪು ತಿದ್ದಬಹುದು. ಹೇಳಿದ ಮಾತಿನ ಅರ್ಥವನ್ನೇ ಬದಲಿಸುವಂತಿಲ್ಲ. ಕೊಟ್ಟ ಗಡುವಿನಲ್ಲಿ ಹಿಂದಿರುಗಿಸದಿದ್ದರೆ ಅವರ ಪ್ರತಿಯೇ ಅಂತಿಮವಾಗುತ್ತದೆ. ನೀವು ಹೇಳಿದ್ದು ತಪ್ಪಾಗಿತ್ತು ಎಂದು ಗೊತ್ತಾದರೆ ದಾಖಲೆಯ ಪ್ರತಿಯಲ್ಲಿ ಗೀಚಬೇಡಿ, ಬೇರೆ ಪತ್ರದಲ್ಲಿ ಸ್ಪಷ್ಟೀಕರಣ ಕಳುಹಿಸಿ.

ವಿಧಾನಸೌಧದ ಮೆಟ್ಟಿಲಲ್ಲಿ ಕ್ಯಾಮೆರಾ ಕಾದಿದ್ದರೆ ಒಂದೇ ವಾಕ್ಯ ಸಾಕು: ‘ಸಮಿತಿ ಕರೆದಿತ್ತು, ಬಂದಿದ್ದೆ.’ ಒಳಗೆ ಏನು ನಡೆಯಿತು ಎಂದು ಹೇಳಿದರೆ ಹಕ್ಕುಚ್ಯುತಿ ಒಂದು ಕಡೆ, ಮಾನನಷ್ಟದ ಹೊಣೆ ಇನ್ನೊಂದು ಕಡೆ. ‘ಒಳಗೆ ಹೇಳಿದ್ದಕ್ಕೆ ಬದ್ಧನಾಗಿದ್ದೇನೆ’ ಎಂಬ ನಿರಪಾಯಕಾರಿ ಮಾತೂ ಅಷ್ಟು ನಿರಪಾಯವಲ್ಲ. ನ್ಯೂಜಿಲೆಂಡಿನ ಸಂಸದರೊಬ್ಬರು ಸದನದಲ್ಲಿ ಆಡಿದ ಮಾತಿನಿಂದ ಹಿಂದೆ ಸರಿಯುವುದಿಲ್ಲ ಎಂದು ಪತ್ರಿಕೆಗೆ ಹೇಳಿದ್ದಕ್ಕೆ, ಹೊರಗೆ ಆ ಮಾತನ್ನೇ ಮತ್ತೆ ಆಡಿದಂತೆ ಎಂದು ಆ ದೇಶದ ಮೇಲ್ಮನವಿಯನ್ನು ಲಂಡನ್ನಿನಲ್ಲಿ ಕೇಳಿದ ಪ್ರಿವಿ ಕೌನ್ಸಿಲ್ 2004ರಲ್ಲಿ ಮಾನನಷ್ಟಕ್ಕೆ ಹೊಣೆ ಮಾಡಿತು. ಆ ದೇಶ 2014ರಲ್ಲಿ ಕಾನೂನನ್ನೇ ಬದಲಿಸಿಕೊಂಡಿತು. ನಮ್ಮ ಕೋರ್ಟುಗಳನ್ನು ಆ ತೀರ್ಪು ಕಟ್ಟಿಹಾಕದು, ಆದರೆ ನಿಮ್ಮ ಎದುರಾಳಿಯ ವಕೀಲರು ಅದನ್ನು ಓದಿರುತ್ತಾರೆ.

ಸ್ಥಳ ಪರಿಶೀಲನೆಯ ದಿನವೂ ಇದೇ ಎಚ್ಚರ ಇರಲಿ. ಸಮಿತಿ ಊರಿಗೆ ಬಂದಾಗ ಕೆರೆ ಏರಿಯ ಮೇಲೆ ಅಧ್ಯಕ್ಷರನ್ನು ಸುತ್ತುವರಿದು, ಟಿವಿಯವರ ಎದುರೇ, ಇಂಥವರೇ ನುಂಗಿದ್ದು ಎಂದು ಹೆಸರು ಹಿಡಿದು ಕೂಗುವವರಿದ್ದಾರೆ. ಅಲ್ಲಿ ನಡೆಯುವುದು ಸಾಮಾನ್ಯವಾಗಿ ಅನೌಪಚಾರಿಕ ಚರ್ಚೆ, ಸಾಕ್ಷ್ಯ ದಾಖಲಾಗುವ ಸಭೆಯಲ್ಲ. ಹೇಳಲೇಬೇಕಾದದ್ದಿದ್ದರೆ ಲಕೋಟೆಯಲ್ಲಿ ಹಾಕಿ ಸಮಿತಿಯ ಅಧಿಕಾರಿಗೆ ಕೊಟ್ಟು, ಸಭೆಗೆ ಕರೆಯುವಂತೆ ಕೋರಿ.

ಬೆದರಿಕೆ ಬಂದರೆ

ಮೊದಲ ಪತ್ರ ಹೋಗಬೇಕಾದದ್ದು ಸಮಿತಿಗೆ, ಅದೂ ಅದೇ ದಿನ. ಹೊರಗಿನವರು ಸದನದಲ್ಲಿ ಹಕ್ಕುಚ್ಯುತಿ ಪ್ರಸ್ತಾಪ ಎತ್ತುವಂತಿಲ್ಲ, ಸದಸ್ಯರೇ ಎತ್ತಬೇಕು. ಎತ್ತುವ ವಿಷಯ ಇತ್ತೀಚಿನದಾಗಿರಬೇಕು ಎಂದು 224ನೇ ನಿಯಮದ ಷರತ್ತು. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಬರೆದರೆ ಮೊದಲ ಮೆಟ್ಟಿಲಲ್ಲೇ ಎಡವುತ್ತದೆ. ಪತ್ರದಲ್ಲಿ ಯಾರು, ಯಾವಾಗ, ಯಾವ ನಂಬರಿನಿಂದ, ಯಾವ ಪದ ಬಳಸಿದರು ಎಂಬುದು ಹೇಳಿದಂತೆಯೇ ಇರಲಿ. ಅದು ನಿಮ್ಮ ಸಾಕ್ಷ್ಯಕ್ಕೆ ಸಂಬಂಧಿಸಿದ್ದು ಎಂದು ಹೇಗೆ ಗೊತ್ತು ಎಂಬುದೂ ಇರಲಿ. ಕಡೆಯದೇ ಜೀವಾಳ. ‘ಸಮಿತಿ’ ಎಂಬ ಪದವೇ ಬಾರದ ಬೈಗುಳ ಹಕ್ಕುಚ್ಯುತಿ ಆಗುವುದು ಕಷ್ಟ.

ಎರಡನೆಯದು ಪೊಲೀಸ್. ಸುಳ್ಳು ಸಾಕ್ಷ್ಯ ಹೇಳು ಎಂದು ಬೆದರಿಸಿದರೆ ನ್ಯಾಯ ಸಂಹಿತೆಯ 232ನೇ ಕಲಂ, 7 ವರ್ಷದವರೆಗೆ ಸಜೆ. ಬರೀ ‘ಸುಮ್ಮನಿರು, ಇಲ್ಲದಿದ್ದರೆ ನೋಡು’ ಎಂದರೆ 351ನೇ ಕಲಮಿನ ಅಪರಾಧಿಕ ಬೆದರಿಕೆ. ಇಮೇಲಿನಂಥ ವಿದ್ಯುನ್ಮಾನ ದೂರು ಕೊಟ್ಟರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಕರೆಯ ಧ್ವನಿಮುದ್ರಣವಿದ್ದರೆ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ದೂರಿನಲ್ಲಿ ಬೆದರಿಕೆಯ ವಿವರ ಬರೆಯಿರಿ, ಸಮಿತಿಗೆ ಹೇಳಿದ ಸಾಕ್ಷ್ಯದ ವಿವರ ಬರೆಯಬೇಡಿ. ಎಫ್‌ಐಆರ್ ಸಾರ್ವಜನಿಕ ದಾಖಲೆ.

2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ನೆಚ್ಚಿಕೊಂಡವರಿಗೆ ನಿರಾಶೆ ಕಾದಿದೆ. ಸುಪ್ರೀಂ ಕೋರ್ಟ್ ಅನುಮೋದಿಸಿದ ಆ ಯೋಜನೆ ಗಂಭೀರ ಅಪರಾಧ ಪ್ರಕರಣಗಳ ಸಾಕ್ಷಿಗಳಿಗಾಗಿ ಇರುವುದು. ನೀವು ಸಮಿತಿಗೆ ಹೇಳಿದ ವಿಷಯವೇ ಅಂಥ ಕ್ರಿಮಿನಲ್ ಪ್ರಕರಣವೂ ಆಗಿ, ಅದರಲ್ಲೂ ನೀವು ಸಾಕ್ಷಿಯಾಗಿದ್ದರೆ ಮಾತ್ರ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ರಕ್ಷಣೆ ಒಮ್ಮೆಗೆ 3 ತಿಂಗಳು ಮೀರದು. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಮಾಡಿದ ಕಾಯ್ದೆ ರಾಷ್ಟ್ರಪತಿಯ ಅಂಕಿತ ಪಡೆದೂ ಜಾರಿಗೆ ಬಾರದೆ ಕೂತಿದೆ.

ವರ್ಗಾವಣೆ, ಅಮಾನತು, ಕೆಲಸದಿಂದ ತೆಗೆಯುವುದು

ಪೆಟ್ಟು ಹೆಚ್ಚಾಗಿ ಬೀಳುವುದು ಇಲ್ಲಿ, ಔಷಧ ಕಡಿಮೆ ಇರುವುದೂ ಇಲ್ಲಿಯೇ. ಸದನ ತಪ್ಪಿತಸ್ಥನನ್ನು ಶಿಕ್ಷಿಸಬಹುದು, ನಿಮ್ಮ ಕುರ್ಚಿಯನ್ನು ಹಿಂದಿರುಗಿಸುವ ಆದೇಶ ಬರೆಯಲಾರದು. ಬ್ರಿಟನ್ನಿನ 1892ರ ಕಾಯ್ದೆ ಸಾಕ್ಷಿಗೆ ಕಿರುಕುಳ ಕೊಟ್ಟವನಿಂದ ಪರಿಹಾರ ಕೊಡಿಸುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿದೆ. ಆಸ್ಟ್ರೇಲಿಯಾದ 1987ರ ಕಾಯ್ದೆಯಲ್ಲಿ ಅದು 6 ತಿಂಗಳ ಜೈಲಿನ ಅಪರಾಧ. ಅಂಥ ಕಾಯ್ದೆ ನಮ್ಮಲ್ಲಿಲ್ಲ.

ಸದನದ ಶಿಕ್ಷೆಯೂ ಬಹುಮತದ ಗಾಳಿಗೆ ಸಿಕ್ಕಿದ್ದು. 1978ರ ಡಿಸೆಂಬರ್ 19ರಂದು ಲೋಕಸಭೆ, ಆಗಷ್ಟೇ ಚಿಕ್ಕಮಗಳೂರಿನಿಂದ ಗೆದ್ದು ಬಂದಿದ್ದ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿ ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳುಹಿಸಿತು. ಅವರು ಪ್ರಧಾನಿಯಾಗಿದ್ದಾಗ, ಮಗ ಸಂಜಯ್ ಗಾಂಧಿಯವರ ಮಾರುತಿ ಕಾರು ಕಂಪನಿ ಕುರಿತ ಲೋಕಸಭಾ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಡ್ಡಿ, ಕಿರುಕುಳ, ಸುಳ್ಳು ಮೊಕದ್ದಮೆ ಆಯಿತು ಎಂಬುದು ಹಕ್ಕುಬಾಧ್ಯತಾ ಸಮಿತಿ ಕಂಡುಕೊಂಡ ತಪ್ಪು. 1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಎರಡು ಬಾರಿಯೂ ಮಾತು ನಡೆದದ್ದು ದೊಡ್ಡವರ ಬಗ್ಗೆ, ನಾಲ್ವರು ಅಧಿಕಾರಿಗಳ ಬಗ್ಗೆ ಅಲ್ಲ.

ಹಾಗಾಗಿ ಉದ್ಯೋಗದ ಹೋರಾಟವನ್ನು ಅದರದೇ ಜಾಗದಲ್ಲಿ ನಡೆಸಬೇಕು. ಸರ್ಕಾರಿ ನೌಕರರಿಗೆ ಆಡಳಿತ ನ್ಯಾಯಮಂಡಳಿ, ಅಂತಿಮ ಆದೇಶದಿಂದ 1 ವರ್ಷದೊಳಗೆ. ಖಾಸಗಿ ನೌಕರರಿಗೆ ಕಾರ್ಮಿಕ ಕಾನೂನಿನ ದಾರಿ. ಅಲ್ಲಿ ಒಂದು ತೊಡಕು ಎದುರಾಗುತ್ತದೆ: ಸಾಕ್ಷ್ಯ ಹೇಳಿದ್ದಕ್ಕೇ ಸೇಡು ಎಂದು ತೋರಿಸಬೇಕು, ಆದರೆ ಏನು ಹೇಳಿದಿರಿ ಎಂಬುದನ್ನು ಹಾಜರುಪಡಿಸುವಂತಿಲ್ಲ, ಸದನದ ಅನುಮತಿ ಬೇಕು. ಇದನ್ನು ದಾಟುವ ಉಪಾಯ ತಾರೀಖುಗಳು. ಸಮನ್ಸ್, ಕಚೇರಿಗೆ ಕೊಟ್ಟ ಮಾಹಿತಿ ಪತ್ರದ ಮೊಹರು, ಪ್ರಯಾಣದ ಟಿಕೆಟ್, ಪ್ರವೇಶ ಪಾಸು, ಹಾಜರಾತಿ ಪ್ರಮಾಣಪತ್ರ, ವರ್ಗಾವಣೆ ಆದೇಶ. ಇವನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿದರೆ ಸಾಕ್ಷ್ಯದ ಒಂದು ಪದವನ್ನೂ ಆಡದೆ ಸಂಬಂಧ ತೋರಿಸಬಹುದು. ಹಾಜರಾತಿ ಪ್ರಮಾಣಪತ್ರವನ್ನು ಸಭೆಯ ದಿನವೇ ಸಮಿತಿ ಶಾಖೆಯಲ್ಲಿ ಕೇಳಿ ಪಡೆಯಿರಿ, ಪ್ರಯಾಣ ಭತ್ಯೆಯ ಅರ್ಜಿಯ ಜೊತೆಗೇ. ಸಮಿತಿಯ ವರದಿ ಮಂಡನೆಯಾಗಿಬಿಟ್ಟರೆ ದಾರಿ ಸ್ವಲ್ಪ ಸಲೀಸು. ಮಂಡಿತ ವರದಿಯನ್ನು ಕೋರ್ಟಿನಲ್ಲಿ ಆಧಾರವಾಗಿ ಇಡಬಹುದು, ವರದಿಯ ಸಿಂಧುತ್ವವನ್ನು ಮಾತ್ರ ಅಲ್ಲಿ ಪ್ರಶ್ನಿಸುವಂತಿಲ್ಲ ಎಂದು 2018ರ ಕಲ್ಪನಾ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ವಿಧಾನಸಭೆ ಅಥವಾ ಲೋಕಸಭೆ ವಿಸರ್ಜನೆಯಾದರೆ ಅದರ ಸಮಿತಿಗಳೂ ಮುಗಿಯುತ್ತವೆ. ಹಣಕಾಸು ಸಮಿತಿಗಳಂಥವು ಲೋಕಸಭೆಯಲ್ಲಿ ವರ್ಷಕ್ಕೊಮ್ಮೆ ಹೊಸದಾಗಿ ರಚನೆಯಾಗುತ್ತವೆ. ನಿಮ್ಮ ದೂರು ಅಲ್ಲಿಯವರೆಗೆ ಇತ್ಯರ್ಥವಾಗಿರದಿದ್ದರೆ, ಹೊಸ ಸಮಿತಿ ರಚನೆಯಾದ ಸುದ್ದಿ ಬಂದ ವಾರದಲ್ಲೇ ಹಳೆಯ ಪತ್ರಗಳ ಪ್ರತಿ, ಸ್ವೀಕೃತಿ ಸಂಖ್ಯೆ ಲಗತ್ತಿಸಿ ಹೊಸ ಅಧ್ಯಕ್ಷರಿಗೆ ಒಂದು ಪತ್ರ, ಸದನದ ಕಾರ್ಯದರ್ಶಿಗೆ ಇನ್ನೊಂದು ಕಳುಹಿಸಿ.